ಒಡೆಯನಿಲ್ಲದ ನಾಣ್ಯಕ್ಕೆ ನೆರವಿನವರು

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಕಾವೇರಿಯು ಕಾಡು ಬೆಟ್ಟಗಳ ನಡುವೆ ಹರಿಯುತ್ತದೆ. ದಡದಲ್ಲಿ ಆಂಜನೇಯನ ಗುಡಿಯಿದೆ. ಸೀತಾದೇವಿಯು ಇಲ್ಲಿ ಮೀಯುತ್ತಿದ್ದಾಗ ಆಕೆಯ ಮುತ್ತಿನ ಒಡವೆಯು ನೀರುಪಾಲಾಯಿತೆಂದೂ, ಆಂಜನೇಯನು ಬಾಲದಿಂದ ಮಡುವನ್ನು ಕಲಕಿ ಅದನ್ನು ಎತ್ತಿಕೊಟ್ಟನೆಂದೂ, ಮುತ್ತನ್ನೆತ್ತಿದುದರಿಂದಲೇ ಆ ದೇವರಿಗೆ ಮುತ್ತೆತ್ತಿರಾಯನೆಂಬ ಹೆಸರು ಬಂದಿತೆಂದೂ ಸ್ಥಳಪುರಾಣವು ಹೇಳುತ್ತದೆ. ಆ ಒಡವೆಯನ್ನು ಕೆಲವರು ಉಂಗುರವೆನ್ನುವರು, ಕೆಲವರು ಮೂಗುತಿಯೆನ್ನುವರು. ನಮಗೆ ಈ ಕಥೆಯಲ್ಲಿ ಬೇಕಾಗಿರುವುದು ಒಂದೇ ಅಂಶ: ಕಳೆದುದನ್ನು ತೆಗೆದುಕೊಡಬಲ್ಲ ಸಮರ್ಥನೊಬ್ಬನು ಹತ್ತಿರದಲ್ಲಿದ್ದನು.

ನಮ್ಮ ದಿನಬಳಕೆಯ ಹಣದ ವಿಷಯದಲ್ಲಿಯೂ ಅಂತಹವನೊಬ್ಬನು ಇದ್ದೇ ಇರುತ್ತಾನೆ. ಪಾಸ್‌ಬುಕ್ಕು ಕಳೆದರೆ ಬ್ಯಾಂಕಿನ ಮ್ಯಾನೇಜರರಿಗೆ ಅರ್ಜಿ ಬರೆಯುವೆವು. ಗುಪ್ತಸಂಖ್ಯೆಯನ್ನು ಮರೆತರೆ ಹೊಸದನ್ನು ಪಡೆಯುವೆವು. ಆದರೆ ಬಿಟ್‌ಕಾಯಿನ್ ಮೊದಲಾದ ಕ್ರಿಪ್ಟೋ ನಾಣ್ಯಗಳ ಏರ್ಪಾಡಿನಲ್ಲಿ ಮ್ಯಾನೇಜರನಿಲ್ಲ. ಅವನು ಇರಬಾರದೆಂದೇ ಅದನ್ನು ಕಟ್ಟಿದ್ದಾರೆ. ಆದರೂ ಇಂತಹ ನಾಣ್ಯಗಳನ್ನು ಬಳಸುವವರ ಸಮುದಾಯಗಳಲ್ಲಿ ಹೊಸಬರ ಪ್ರಶ್ನೆಗಳಿಗೆ ಉತ್ತರ ಕೊಡುವ ತಂಡಗಳಿವೆ. ಅನೇಕರು ಸಂಬಳವಿಲ್ಲದೆಯೇ ಈ ಕೆಲಸವನ್ನು ಮಾಡುವರು. ಯಾವ ಅಧಿಕಾರವೂ ಇಲ್ಲದ ಇವರು ಮಾಡಬಲ್ಲ ಸಹಾಯವಾದರೂ ಏನು? ಇದನ್ನು ತಿಳಿಯಬೇಕಾದರೆ ನಾಣ್ಯದ ಸ್ವರೂಪವನ್ನು ಸ್ವಲ್ಪ ನೋಡಬೇಕು. ಅದರ ಬೆಲೆಯ ಏರಿಳಿತಗಳ ಗೊಡವೆ ನಮಗೆ ಬೇಡ.

ಹಿಂದೆ ನಮ್ಮ ಹಳ್ಳಿಗಳ ಜಮೀನಿನ ಲೆಕ್ಕವು ಶಾನುಭೋಗರ ಪುಸ್ತಕದಲ್ಲಿರುತ್ತಿತ್ತು. ಅವರು ಬರೆದುದೇ ಲೆಕ್ಕ. ತಿದ್ದುವುದಾದರೂ ಅವರೇ ತಿದ್ದಬೇಕು. ಈಗ ಊರಿನ ಪ್ರತಿಯೊಂದು ಮನೆಯಲ್ಲಿಯೂ ಆ ಪುಸ್ತಕದ ನಕಲೊಂದಿದೆಯೆಂದು ಊಹಿಸೋಣ. ಹೊಸ ಪುಟವನ್ನು ಎಲ್ಲರೂ ಒಂದೇ ನಿಯಮದಂತೆ ಪರೀಕ್ಷಿಸಿ ತಮ್ಮ ತಮ್ಮ ನಕಲಿಗೆ ಸೇರಿಸಿಕೊಳ್ಳುವರು. ಪ್ರತಿಯೊಂದು ಪುಟದಲ್ಲಿಯೂ ಹಿಂದಿನ ಪುಟದ ಗುರುತು ಇರುವುದರಿಂದ ನಡುವೆ ಒಂದು ಅಂಕಿಯನ್ನು ಬದಲಾಯಿಸಿದರೂ ಮುಂದಿನ ಪುಟಗಳೆಲ್ಲ ತಾಳೆಯಾಗುವುದಿಲ್ಲ. 2008ರ ಅಕ್ಟೋಬರ್ 31ರಂದು ಸತೋಷಿ ನಕಮೊಟೊ ಎಂಬ ಹೆಸರಿನಲ್ಲಿ ಪ್ರಕಟವಾದ ಲೇಖನವು ಇಂತಹ ಪುಸ್ತಕವೊಂದರ ವಿಧಾನವನ್ನು ವಿವರಿಸಿತು. 2009ರ ಜನವರಿ 3ರಂದು ಅದರ ಮೊದಲನೆಯ ಪುಟವು ಸಿದ್ಧವಾಯಿತು. ಅಂದಿನಿಂದ ಸರಾಸರಿ ಹತ್ತು ನಿಮಿಷಗಳಿಗೊಂದರಂತೆ ಪುಟಗಳು ಸೇರುತ್ತಿವೆ.

ಈ ಪುಸ್ತಕದಲ್ಲಿ ಹಣವನ್ನು ಒಂದು ವಿಳಾಸದಿಂದ ಇನ್ನೊಂದಕ್ಕೆ ವರ್ಗಾಯಿಸಲು ಸಹಿ ಬೇಕು. ಸಹಿ ಹಾಕುವ ಸಾಧನವೇ ಬೀಗದ ಕೈ. ಅದೊಂದು ಭಾರಿ ಸಂಖ್ಯೆ. ಅನೇಕರು ತಿಳಿದಿರುವಂತೆ ನಾಣ್ಯವು ಫೋನಿನಲ್ಲಿಯೋ ಕಂಪ್ಯೂಟರಿನ ಡಿಸ್ಕಿನಲ್ಲಿಯೋ ಇರುವುದಿಲ್ಲ. ಅದು ಎಲ್ಲರ ಪುಸ್ತಕದಲ್ಲಿಯೂ ಇದೆ. ನಮ್ಮ ಬಳಿ ಇರುವುದು ಬೀಗದ ಕೈ ಮಾತ್ರ. ಬ್ರಿಟನ್ನಿನ ವೇಲ್ಸ್ ಪ್ರಾಂತದ ನ್ಯೂಪೋರ್ಟ್ ಎಂಬ ಊರಿನಲ್ಲಿ ಜೇಮ್ಸ್ ಹೌವೆಲ್ಸ್ ಎಂಬವರ ಡಿಸ್ಕೊಂದು 2013ರಲ್ಲಿ ಊರಿನ ಕಸದ ಗುಡ್ಡೆಯನ್ನು ಸೇರಿತು. ಸುಮಾರು 8,000 ಬಿಟ್‌ಕಾಯಿನ್‌ಗಳ ಕೈ ಅದರಲ್ಲಿತ್ತೆಂದು ಅವರು ಹೇಳಿದರು. ಗುಡ್ಡೆಯನ್ನು ಅಗೆಯಲು ಊರಿನ ಆಡಳಿತವು ಒಪ್ಪಲಿಲ್ಲ. ನ್ಯಾಯಾಲಯವೂ 2025ರ ಜನವರಿಯಲ್ಲಿ ಅವರ ದಾವೆಯನ್ನು ತಳ್ಳಿಹಾಕಿತು. ಆ ನಾಣ್ಯಗಳ ಲೆಕ್ಕವನ್ನಾದರೋ ಇಂದಿಗೂ ಯಾರು ಬೇಕಾದರೂ ಓದಬಹುದು.

ಇನ್ನು ನೆರವಿನವರ ಕೆಲಸಕ್ಕೆ ಬರೋಣ. ಅವರ ಬಳಿ ಬರುವ ಪ್ರಶ್ನೆಗಳಲ್ಲಿ ಸುಲಭವಾದುದು, “ಹಣ ಕಳುಹಿಸಿದೆ, ಇನ್ನೂ ತಲುಪಿಲ್ಲ” ಎಂಬುದು. ವರ್ಗಾವಣೆಗೆ ಒಂದು ಗುರುತಿನ ಸಂಖ್ಯೆಯುಂಟು. ಅದನ್ನು ಹಿಡಿದು ಪುಸ್ತಕವನ್ನು ತೆರೆದು ನೋಡಿದರೆ, ಶುಲ್ಕವು ಕಡಿಮೆಯಾದುದರಿಂದ ಸರದಿಯಲ್ಲಿ ಕಾಯುತ್ತಿದೆಯೆಂದೋ, ಆಗಲೇ ಪುಟ ಸೇರಿ ಆರು ಪುಟಗಳಷ್ಟು ಹಳೆಯದಾಗಿದೆಯೆಂದೋ ತಿಳಿಯುವುದು. ಕಾಯಿರಿ ಎನ್ನುವುದೋ, ಶುಲ್ಕವನ್ನು ಹೆಚ್ಚಿಸಿ ಮತ್ತೆ ಕಳುಹಿಸಿರಿ ಎನ್ನುವುದೋ ಉತ್ತರ. ವಿಳಾಸದ ಒಂದಕ್ಷರವು ತಪ್ಪಿತೆಂದು ಗಾಬರಿಯಾಗುವವರೂ ಉಂಟು. ಬಿಟ್‌ಕಾಯಿನ್ನಿನ ವಿಳಾಸದಲ್ಲಿ ತಪ್ಪನ್ನು ಹಿಡಿಯುವ ಅಂಕಗಳು ಅಡಗಿರುವುದರಿಂದ ಕೈತಪ್ಪಿನ ವಿಳಾಸವು ಸಾಧಾರಣವಾಗಿ ಅಂಗೀಕಾರವೇ ಆಗುವುದಿಲ್ಲ. ಹಳೆಯ ಮಾದರಿಯ ವಿಳಾಸಗಳಲ್ಲಿ ಅದು ನುಸುಳಿಕೊಳ್ಳುವ ಸಂಭವವು ಸುಮಾರು 429 ಕೋಟಿಗೆ ಒಂದು. ಆದರೆ ಸರಿಯಾದ ರೂಪದ, ಬೇರೆಯವನ ವಿಳಾಸಕ್ಕೆ ಕಳುಹಿಸಿಬಿಟ್ಟರೆ, ಅವನು ತಾನಾಗಿ ಹಿಂದಿರುಗಿಸದ ಹೊರತು ಹಣವು ಬಾರದು. (ಬಹುಮಂದಿ ಒಪ್ಪಿ ಪುಸ್ತಕವನ್ನೇ ತಿದ್ದಿದ ಪ್ರಸಂಗವೊಂದುಂಟು. 2016ರಲ್ಲಿ ಈಥೀರಿಯಂ ಎಂಬ ನಾಣ್ಯದಲ್ಲಿ ಸುಮಾರು 36 ಲಕ್ಷ ಈಥರ್‌ಗಳನ್ನು ಒಬ್ಬನು ಸೆಳೆದುಕೊಂಡಾಗ ಬಹುಮಂದಿ ಸೇರಿ ಅದನ್ನು ಹಿಂದಕ್ಕೆ ಪಡೆದರು. ಒಪ್ಪದವರು ಹಳೆಯ ಪುಸ್ತಕವನ್ನೇ ಮುಂದುವರಿಸಿದರು. ಒಂದು ನಾಣ್ಯವು ಎರಡಾಯಿತು. ಸಾಮಾನ್ಯನೊಬ್ಬನ ನಷ್ಟಕ್ಕೆ ಹೀಗಾಗುವುದನ್ನು ನಿರೀಕ್ಷಿಸುವಂತಿಲ್ಲ.)

ಕಠಿನವಾದ ಪ್ರಶ್ನೆಯು ಕಳೆದ ಕೈಯದು. ಭಾರಿ ಸಂಖ್ಯೆಯನ್ನು ನಕಲುಮಾಡುವುದು ಕಷ್ಟವಾದುದರಿಂದ 2013ರಲ್ಲಿ ಒಂದು ಉಪಾಯವು ರೂಪುಗೊಂಡಿತು: 2048 ಸರಳ ಪದಗಳ ಪಟ್ಟಿಯಿಂದ ಹನ್ನೆರಡನ್ನು ಯಂತ್ರವು ಚೀಟಿಯೆತ್ತಿದಂತೆ ಆರಿಸಿ ಒಂದು ಕ್ರಮದಲ್ಲಿ ಕೊಡುತ್ತದೆ. ಆ ಹನ್ನೆರಡು ಪದಗಳನ್ನು ಬರೆದಿಟ್ಟುಕೊಂಡರೆ ಕೈಯನ್ನು ಮತ್ತೆ ಉಂಟುಮಾಡಬಹುದು. ಪದಗಳ ಕೊನೆಯಲ್ಲಿ ಪರೀಕ್ಷೆಯ ಅಂಕಗಳೂ ಅಡಗಿರುವುದರಿಂದ, ಮನಬಂದಂತೆ ಜೋಡಿಸಿದ ಸಾಲುಗಳಲ್ಲಿ ಹದಿನಾರರಲ್ಲಿ ಒಂದು ಮಾತ್ರ ನಿಯಮಕ್ಕೆ ಸರಿಹೊಂದುತ್ತದೆ.

ಈಗ ಲೆಕ್ಕ ಹಾಕೋಣ. ಒಂದೇ ಪದವು ಅಳಿಸಿಹೋಗಿದ್ದು ಅದರ ಸ್ಥಾನವು ತಿಳಿದಿದ್ದರೆ ನೋಡಬೇಕಾದ ಪದಗಳು 2048. ಪರೀಕ್ಷೆಯ ಅಂಕಗಳು ಅವುಗಳಲ್ಲಿ ಸುಮಾರು 128ನ್ನು ಮಾತ್ರ ಉಳಿಸುವುವು. ಇದು ಕ್ಷಣಮಾತ್ರದ ಕೆಲಸ. ಎರಡು ಹೋದರೆ ಸುಮಾರು 42 ಲಕ್ಷ ಜೋಡಿಗಳು. ಇದೂ ಯಂತ್ರಕ್ಕೆ ಹೆಚ್ಚಲ್ಲ. ಆರು ಹೋದರೆ 7ರ ಮುಂದೆ 19 ಸೊನ್ನೆಗಳನ್ನಿಟ್ಟ ಸಂಖ್ಯೆಯನ್ನೂ ಮೀರುವುದು. ಅದನ್ನು ಹದಿನಾರರಿಂದ ಭಾಗಿಸಿ, ಸೆಕೆಂಡಿಗೆ ಹತ್ತು ಲಕ್ಷದಂತೆ ಪರೀಕ್ಷಿಸಿದರೂ ಒಂದೂವರೆ ಲಕ್ಷ ವರ್ಷಗಳ ಹತ್ತಿರಹತ್ತಿರ ಆಗುತ್ತದೆ.

ಹನ್ನೆರಡೂ ಹೋದರೆ? ನಿಯಮಕ್ಕೆ ಸರಿಹೊಂದುವ ಸಾಲುಗಳ ಸಂಖ್ಯೆಯು 2ರ 128ನೆಯ ಘಾತ, ಎಂದರೆ 34ರ ಮುಂದೆ 37 ಸೊನ್ನೆ. ಸೊನ್ನೆಗಳನ್ನು ಎಣಿಸಿ ಏನೂ ಮನಸ್ಸಿಗೆ ಹತ್ತುವುದಿಲ್ಲವಾದುದರಿಂದ ನೀರಿನಿಂದ ಅಳೆಯೋಣ. 18 ಗ್ರಾಂ ನೀರಿನಲ್ಲಿ 6ರ ಮುಂದೆ 23 ಸೊನ್ನೆಗಳಷ್ಟು ಅಣುಗಳಿವೆಯೆಂಬುದು ರಸಾಯನಶಾಸ್ತ್ರದ ಪಾಠದಲ್ಲಿ ಬಂದಿರುತ್ತದೆ. ಆ ಪ್ರಕಾರ ನಮ್ಮ ಸಂಖ್ಯೆಯಷ್ಟು ಅಣುಗಳುಳ್ಳ ನೀರು ಸುಮಾರು ಸಾವಿರ ಕೋಟಿ ಘನಮೀಟರು. ಮುತ್ತತ್ತಿಯ ಮೇಲ್ಗಡೆ ಇದೇ ಕಾವೇರಿಗೆ ಕಟ್ಟಿರುವ ಕೃಷ್ಣರಾಜಸಾಗರವು ತುಂಬಿದಾಗ ಹಿಡಿಯುವುದು ಸುಮಾರು 140 ಕೋಟಿ ಘನಮೀಟರು, ಎಂದರೆ 49 ಟಿಎಂಸಿ ಚಿಲ್ಲರೆ. ಏಳು ಕೃಷ್ಣರಾಜಸಾಗರಗಳನ್ನು ಅಂಚಿನವರೆಗೆ ತುಂಬಿ ಅವುಗಳಲ್ಲಿ ಒಂದೇ ಒಂದು ಅಣುವನ್ನು ಗುರುತಿಸಿ ತೆಗೆಯಬೇಕು. ಮುತ್ತೆತ್ತಿರಾಯನ ಮುತ್ತು ಇದರ ಮುಂದೆ ಕಣ್ಣಿಗೆ ಕಾಣುವ ವಸ್ತು. ಆರು ಪದಗಳ ಸಂಖ್ಯೆಯನ್ನೂ ಹೀಗೆಯೇ ಅಳೆದರೆ ಅದು ನೀರಿನ ಒಂದು ಹನಿಯ ಇಪ್ಪತ್ತನೆಯ ಒಂದು ಪಾಲಿನಷ್ಟೂ ಆಗದು. ಆ ಅಲ್ಪಕ್ಕೇ ಒಂದೂವರೆ ಲಕ್ಷ ವರ್ಷ ಬೇಕಾಯಿತೆಂಬುದನ್ನು ನೆನಪಿಡಬೇಕು.

ಆದುದರಿಂದ ಪೂರ್ತಿ ಕಳೆದವನಿಗೆ ನೆರವಿನವನು “ಸಾಧ್ಯವಿಲ್ಲ” ಎಂದು ಹೇಳಲೇಬೇಕು. ಅರ್ಧ ಕಳೆದವನಿಗೆ, ತಪ್ಪು ಬರೆದುಕೊಂಡವನಿಗೆ ಮಾತ್ರ ಅವನು ನಿಜವಾಗಿ ಒದಗಬಲ್ಲನು. ಕನ್ನಡಿಗರಿಗೆ ಸಂಬಂಧಿಸಿದ ತೊಡಕೊಂದು ಇಲ್ಲಿದೆ. ಆ ಪದಪಟ್ಟಿಯು ಇಂಗ್ಲಿಷು, ಜಪಾನಿ, ಫ್ರೆಂಚು ಮೊದಲಾದ ಕೆಲವು ಭಾಷೆಗಳಲ್ಲಿದೆ. ಭಾರತದ ಯಾವ ಭಾಷೆಯಲ್ಲಿಯೂ ಇಲ್ಲ. ಹೀಗಾಗಿ ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಗುರುತುಹಾಕಿಕೊಳ್ಳುವವರು ಇರಬಹುದು. ಶಾಂತಿಯೆಂಬ ಅರ್ಥದ ‘ಪೀಸ್’, ತುಂಡೆಂಬ ಅರ್ಥದ ‘ಪೀಸ್’ ಎರಡೂ ಪಟ್ಟಿಯಲ್ಲಿವೆ; ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಯಂತ್ರವು ಬೀಗ ತೆರೆಯಲೊಲ್ಲದು; ಬರೆದವರಿಗೋ ತಾವು ಸರಿಯಾಗಿಯೇ ಬರೆದಿದ್ದೇವೆಂಬ ನಂಬಿಕೆ. ಬಲ್ಲ ನೆರವಿನವನು ಅವರ ಪದಗಳನ್ನು ಕೇಳುವುದಿಲ್ಲ. “ಒಂದೇ ಉಚ್ಚಾರಣೆಗೆ ಎರಡು ಕಾಗುಣಿತವಿರುವ ಪದವಿದ್ದರೆ ಎರಡನ್ನೂ ನೀವೇ ಹಾಕಿ ನೋಡಿ, ಪ್ರತಿಯೊಂದು ಪದದ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಪಟ್ಟಿಯೊಡನೆ ತಾಳೆಮಾಡಿ, ಅಷ್ಟು ಸಾಕು” ಎನ್ನುವನು. ಕೈಯನ್ನು ನೋಡದೆಯೇ ಬೀಗ ತೆರೆಸುವುದು ಈ ವೃತ್ತಿಯ ನಿಜವಾದ ಜಾಣ್ಮೆ.

ಪದಗಳನ್ನು ಏಕೆ ಕೇಳಬಾರದು? ಹನ್ನೆರಡು ಪದಗಳನ್ನು ಓದಿದವನು ಆ ಹಣಕ್ಕೆ ಒಡೆಯನಾದಂತೆಯೇ. ವಂಚಕರಿಗೆ ಇದು ಚೆನ್ನಾಗಿ ಗೊತ್ತು. ಸಾರ್ವಜನಿಕವಾಗಿ ಪ್ರಶ್ನೆ ಕೇಳಿದ ಹೊಸಬನನ್ನು ಅವರು ಖಾಸಗಿಯಾಗಿ ಮಾತನಾಡಿಸಿ, ತಾವೇ ನೆರವಿನ ತಂಡದವರೆಂದು ಹೇಳಿ, “ಪರಿಶೀಲನೆಗಾಗಿ” ಪದಗಳನ್ನು ಪಡೆಯುತ್ತಾರೆ. ಹೀಗೆ ಕಳೆದುಕೊಂಡವನ ಬಳಿಗೆ ಎರಡನೆಯ ಸಲ ಬಂದು, ಶುಲ್ಕ ಕೊಟ್ಟರೆ ಹೋದ ಹಣವನ್ನು ತರಿಸುವೆವೆಂದು ಮತ್ತಷ್ಟು ಕೀಳುವವರೂ ಇದ್ದಾರೆ. ಆದಕಾರಣ ತಂಡವನ್ನು ನಡೆಸುವವರು ಬಿಗಿಯಾದ ಕಟ್ಟಳೆಗಳನ್ನಿಟ್ಟುಕೊಳ್ಳುವುದು ಒಳ್ಳೆಯದು. ಉತ್ತರವನ್ನು ಎಲ್ಲರೂ ನೋಡುವ ಕಡೆಯಲ್ಲಿಯೇ ಕೊಡಬೇಕು. ಒಬ್ಬನು ತಪ್ಪು ಹೇಳಿದರೆ ಇನ್ನೊಬ್ಬನು ತಿದ್ದಬಹುದು. ತಾವಾಗಿ ಯಾರನ್ನೂ ಖಾಸಗಿಯಾಗಿ ಕರೆಯಬಾರದು. ವರ್ಗಾವಣೆಯ ಗುರುತಿನ ಸಂಖ್ಯೆಯ ಹೊರತು ಏನನ್ನೂ ಕೇಳಬಾರದು. ಆ ಸಂಖ್ಯೆಯನ್ನು ಹಿಡಿದು ಲೆಕ್ಕವನ್ನು ಓದಬಹುದೇ ಹೊರತು ಹಣವನ್ನು ಸೆಳೆಯಲಾಗದು.

ಇಷ್ಟು ತೊಂದರೆಯೇಕೆ, ಕಛೇರಿಯುಳ್ಳ ವಿನಿಮಯ ಸಂಸ್ಥೆಯೊಂದರಲ್ಲಿ ನಾಣ್ಯವನ್ನಿಟ್ಟರಾಗದೆ ಎಂದು ಕೇಳಬಹುದು. ಆಗ ಬೀಗದ ಕೈ ಅವರದು. ಮರೆತ ಗುಪ್ತಸಂಖ್ಯೆಯನ್ನು ಅವರು ಬದಲಾಯಿಸಿಕೊಡುವರು. ಆದರೆ ಕಛೇರಿಯಿದ್ದಲ್ಲಿ ಅದನ್ನು ತಡೆಯುವವರೂ ಇರುತ್ತಾರೆ. 2018ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಇಂತಹ ಸಂಸ್ಥೆಗಳಿಗೆ ಬ್ಯಾಂಕುಗಳ ಸೇವೆಯನ್ನು ನಿಲ್ಲಿಸುವಂತೆ ಆಜ್ಞೆಮಾಡಿತು. ತಮ್ಮ ಬಳಕೆದಾರರು ನಗದು ಹಾಕಿ ತೆಗೆಯಲೆಂದು ಯೂನೋಕಾಯಿನ್ ಸಂಸ್ಥೆಯವರು ಅದೇ ವರ್ಷದ ಅಕ್ಟೋಬರಿನಲ್ಲಿ ಬೆಂಗಳೂರಿನ ಹಳೆಯ ವಿಮಾನನಿಲ್ದಾಣ ರಸ್ತೆಯ ಮಳಿಗೆಯೊಂದರಲ್ಲಿ ಯಂತ್ರವೊಂದನ್ನಿಟ್ಟರು. ಪೊಲೀಸರು ಅದನ್ನು ವಶಪಡಿಸಿಕೊಂಡರು. ರಿಸರ್ವ್ ಬ್ಯಾಂಕಿನ ಆಜ್ಞೆಯನ್ನು ಸುಪ್ರೀಂ ಕೋರ್ಟು 2020ರ ಮಾರ್ಚ್ 4ರಂದು ರದ್ದುಮಾಡಿತು. ಇನ್ನೊಂದು ಅಪಾಯವೂ ಉಂಟು: 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಸಂಸ್ಥೆಯಿಂದ ಸುಮಾರು 23 ಕೋಟಿ ಡಾಲರುಗಳ ನಾಣ್ಯವು ಕಳುವಾಗಿ, ಬಳಕೆದಾರರು ತಮ್ಮ ಪಾಲನ್ನು ಹಿಂಪಡೆಯುವುದು ನಿಂತುಹೋಯಿತು. ಕೈಯನ್ನು ತಾನೇ ಇಟ್ಟುಕೊಂಡವನಿಗೆ ಮರೆವಿನ ಭಯ. ಪರರಿಗೆ ಕೊಟ್ಟವನಿಗೆ ಪರರ ಬಾಗಿಲಿನ ಭಯ. ಎರಡನ್ನೂ ತೂಗಿ ನೋಡದೆ ವಿದ್ಯಾರ್ಥಿವೇತನದ ಹಣವನ್ನು ಇದರಲ್ಲಿ ಹಾಕುವುದು ನಮಗೆ ಸರಿತೋರದು.

ಮೋಸಹೋದವರು ಮೊದಲು ಮಾಡಬೇಕಾದುದು 1930 ಎಂಬ ಸೈಬರ್ ಅಪರಾಧ ಸಹಾಯವಾಣಿಗೆ ಕರೆಮಾಡುವುದು. ನಾಣ್ಯದ ಪುಸ್ತಕವನ್ನು ಪೊಲೀಸರೂ ತಿದ್ದಲಾರರು. ಆದರೆ ರೂಪಾಯಿಯು ಬ್ಯಾಂಕಿನ ಖಾತೆಯೊಂದನ್ನು ದಾಟಿ ಹೋಗಿದ್ದರೆ, ಬೇಗ ತಿಳಿಸಿದಲ್ಲಿ ಆ ಖಾತೆಯನ್ನು ತಡೆಹಿಡಿಯಲು ಅವಕಾಶವುಂಟು.

ಹಣ ಹಾಕದೆಯೇ ಈ ವಿಷಯವನ್ನು ಪರೀಕ್ಷಿಸಬಯಸುವವರು ಹೀಗೆ ಮಾಡಬಹುದು. ಒಂದು ರೂಪಾಯಿಯ ನಾಣ್ಯವನ್ನು 128 ಸಲ ಚಿಮ್ಮಿ, ಒಂದು ಮುಖಕ್ಕೆ 1, ಇನ್ನೊಂದಕ್ಕೆ 0 ಎಂದು ಸಾಲಾಗಿ ಬರೆಯಿರಿ. ಹತ್ತು ಹನ್ನೆರಡು ನಿಮಿಷಗಳ ಕೆಲಸ. ನಿಮ್ಮ ಕಾಗದದಲ್ಲಿ ಈಗ ಹನ್ನೆರಡು ಪದಗಳಿಗೆ ಬೇಕಾದ ಸಾಮಗ್ರಿಯೆಲ್ಲವೂ ಇದೆ. ಅದನ್ನು ಗೆಳೆಯನಿಗೆ ತೋರಿಸದೆ, ಮೊದಲ ಇಪ್ಪತ್ತು ಅಂಕಗಳನ್ನು ಊಹಿಸಲು ಅವನಿಗೆ ಹೇಳಿರಿ. ಅವನು ಒಮ್ಮೆಗೇ ಸರಿಯಾಗಿ ಹೇಳುವ ಸಂಭವವೆಷ್ಟೆಂಬುದನ್ನು ಲೆಕ್ಕಮಾಡಿ, ಉಳಿದ 108ಕ್ಕೂ ಅದನ್ನು ಮುಂದುವರಿಸಿರಿ.