ಮೈಕ್ ಏಕೆ ‘ಕುಂಯ್’ ಎನ್ನುತ್ತದೆ?

ಮಕ್ಕಳೇ, ಸ್ವಾತಂತ್ರ್ಯ ದಿನಾಚರಣೆಯಂದು ನಿಮ್ಮ ಶಾಲೆಯಲ್ಲಿ ಭಾಷಣ ಮಾಡಲು ಒಬ್ಬ ವಿದ್ಯಾರ್ಥಿನಿ ಮೈಕಿನ ಮುಂದೆ ಬಂದು ನಿಂತಳು ಎಂದುಕೊಳ್ಳಿ. ವಾರವಿಡೀ ಬಾಯಿಪಾಠ ಮಾಡಿದ್ದಾಳೆ. ‘ಮಾನ್ಯ ಅಧ್ಯಕ್ಷರೇ’ ಎನ್ನುವಷ್ಟರಲ್ಲಿ ‘ಕುಂಯ್’ ಎಂದು ಕಿವಿ ಚುಚ್ಚುವ ಸದ್ದು ಬರುತ್ತದೆ. ಎಲ್ಲರೂ ಕಿವಿ ಮುಚ್ಚಿಕೊಳ್ಳುತ್ತಾರೆ. ಅವಳಿಗೆ ಮುಂದಿನ ಸಾಲು ಮರೆತೇ ಹೋಗುತ್ತದೆ. ಈ ಸದ್ದು ಎಲ್ಲಿಂದ ಬಂತು? ಅದನ್ನು ನಿಲ್ಲಿಸುವುದು ಹೇಗೆ? ಇದನ್ನು ತಿಳಿಯಲು ಮೊದಲು ಶಬ್ದದ ಸ್ವಭಾವವನ್ನು ಅರಿಯೋಣ.

ಮೈಕ್ ಇಲ್ಲದ ಕಾಲ

ಕನಕದಾಸರ ಬಾಡ ಮತ್ತು ಶರೀಫರ ಶಿಶುವಿನಹಾಳ ಶಿಗ್ಗಾಂವಿ ತಾಲ್ಲೂಕಿನಲ್ಲಿವೆ. ಸರ್ವಜ್ಞನ ಹೆಸರಿನೊಡನೆ ನೆನಪಾಗುವ ಅಬಲೂರು ಹಿರೇಕೆರೂರ ತಾಲ್ಲೂಕಿನದು. ಸಂಗೀತ ಲೋಕಕ್ಕೆ ಬೆಳಕಾದ ಪಂಚಾಕ್ಷರ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಕನಕ, ಶರೀಫ, ಸರ್ವಜ್ಞರ ಮಾತು ಜನರನ್ನು ತಲುಪಿದ್ದು ಬಾಯಿಂದ ಬಾಯಿಗೆ. ಆಗ ಮೈಕ್ ಇರಲಿಲ್ಲ. ದೊಡ್ಡಾಟ, ಸಣ್ಣಾಟಗಳಲ್ಲಿ ಪಾತ್ರಧಾರಿಗಳು ಎತ್ತರದ ಅಟ್ಟದ ಮೇಲೆ ನಿಂತು ಏರುದನಿಯಲ್ಲಿ ಹಾಡುತ್ತಿದ್ದರು, ಹಿಮ್ಮೇಳದವರು ದನಿಗೂಡಿಸುತ್ತಿದ್ದರು. ಎತ್ತರದಲ್ಲಿ ನಿಂತರೆ ಮುಂದೆ ಕುಳಿತವರ ತಲೆಗಳು ಶಬ್ದಕ್ಕೆ ಅಡ್ಡ ಬರುವುದಿಲ್ಲ. ಹಲವರು ಕೂಡಿ ಹಾಡಿದರೆ ಶಬ್ದದ ಶಕ್ತಿ ಹೆಚ್ಚುತ್ತದೆ.

ಆದರೂ ದೂರ ಹೋದಂತೆ ದನಿ ಕುಗ್ಗುತ್ತದೆ. ಏಕೆ? ಬಾಯಿಂದ ಹೊರಟ ಶಬ್ದ ಉಬ್ಬುತ್ತಿರುವ ಬಲೂನಿನಂತೆ ಎಲ್ಲ ಕಡೆಗೂ ಹರಡುತ್ತದೆ. ಬಲೂನು ದೊಡ್ಡದಾದಂತೆ ಅದರ ರಬ್ಬರು ತೆಳುವಾಗುವುದಲ್ಲವೇ? ಹಾಗೆಯೇ ಅಷ್ಟೇ ಶಕ್ತಿ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಶಬ್ದದ ತೀವ್ರತೆ ನಾಲ್ಕನೆಯ ಒಂದು ಭಾಗವಾಗುತ್ತದೆ. ದೂರ ಹತ್ತು ಪಟ್ಟಾದರೆ ನೂರನೆಯ ಒಂದು ಭಾಗ!

ಶಬ್ದದ ಮಟ್ಟವನ್ನು ಡೆಸಿಬಲ್ ಎಂಬ ಏಕಮಾನದಿಂದ ಅಳೆಯುತ್ತಾರೆ. ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬಲ್ ಕಡಿಮೆಯಾಗುತ್ತದೆ. 1 ಮೀಟರ್ ದೂರದಲ್ಲಿ ಸಾಮಾನ್ಯ ಮಾತು ಸುಮಾರು 60 ಡೆಸಿಬಲ್ ಇರುತ್ತದೆ. ಅದು 2 ಮೀಟರಿನಲ್ಲಿ 54, 4 ಮೀಟರಿನಲ್ಲಿ 48, 8 ಮೀಟರಿನಲ್ಲಿ 42, 16 ಮೀಟರಿನಲ್ಲಿ 36. ಅಲ್ಲಿ ಮಕ್ಕಳ ಗುಸುಗುಸು, ಮರದೆಲೆಗಳ ಸಪ್ಪಳವೇ ಮಾತನ್ನು ಮುಚ್ಚಿಬಿಡುತ್ತದೆ. ಕೊನೆಯ ಸಾಲಿನಲ್ಲಿ ಕುಳಿತ ಅಜ್ಜಿಗೆ ಮೊಮ್ಮಗಳ ಭಾಷಣ ಕೇಳಿಸದಿರುವುದು ಇದರಿಂದಲೇ.

ಹಾನಗಲ್ಲಿನ ತಾರಕೇಶ್ವರ ದೇವಾಲಯದಂಥ ಕಲ್ಲಿನ ಮಂಟಪದಲ್ಲಿ ಹೀಗಾಗುವುದಿಲ್ಲ. ಕಲ್ಲು ಶಬ್ದವನ್ನು ಹೀರುವುದು ಕಡಿಮೆ, ಹಿಂದಿರುಗಿಸುವುದು ಹೆಚ್ಚು. ಚಪ್ಪಾಳೆ ತಟ್ಟಿದರೆ ಸದ್ದು ಸ್ವಲ್ಪ ಹೊತ್ತು ಉಳಿಯುತ್ತದೆ.

ಮೂರು ಮಂದಿ ಗೆಳೆಯರು

ಮೈಕ್ ಸೆಟ್ಟಿನಲ್ಲಿ ಮೂರು ಮುಖ್ಯ ಭಾಗಗಳಿವೆ.

1. ಮೈಕ್: ಇದರೊಳಗೆ ತೆಳುವಾದ ಒಂದು ಪೊರೆ ಇದೆ. ಅದಕ್ಕೆ ಕೂದಲಿನಷ್ಟು ಸಣ್ಣ ತಂತಿಯ ಸುರುಳಿ ಅಂಟಿಕೊಂಡಿದೆ. ಸುರುಳಿಯ ಸುತ್ತ ಅಯಸ್ಕಾಂತವಿದೆ. ನಾವು ಮಾತನಾಡಿದಾಗ ಗಾಳಿ ಕಂಪಿಸಿ, ಪೊರೆ ಕಂಪಿಸಿ, ಸುರುಳಿ ಹಿಂದೆ ಮುಂದೆ ಆಡುತ್ತದೆ. ಅಯಸ್ಕಾಂತದ ಬಳಿ ಸುರುಳಿ ಚಲಿಸಿದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ. ಇದನ್ನು 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದರು.

2. ಆಂಪ್ಲಿಫೈಯರ್: ಮೈಕಿನಿಂದ ಬರುವ ವಿದ್ಯುತ್ ಬಹಳ ದುರ್ಬಲ. ಅದನ್ನು ಸಾವಿರಾರು ಪಟ್ಟು ಹೆಚ್ಚಿಸುವುದು ಇದರ ಕೆಲಸ. ಹೆಚ್ಚುವರಿ ಶಕ್ತಿ ಕರೆಂಟಿನಿಂದಲೋ ಬ್ಯಾಟರಿಯಿಂದಲೋ ಬರುತ್ತದೆ.

3. ಸ್ಪೀಕರ್: ಇದು ಮೈಕಿನ ಕೆಲಸವನ್ನೇ ತಿರುಗಿಸಿ ಮಾಡುತ್ತದೆ. ವಿದ್ಯುತ್ ಸುರುಳಿಯನ್ನು ಅಲುಗಿಸುತ್ತದೆ, ಸುರುಳಿ ಪೊರೆಯನ್ನು, ಪೊರೆ ಗಾಳಿಯನ್ನು.

ಸುರುಳಿ ಚಲಿಸುವ ಇಂಥ ಸ್ಪೀಕರನ್ನು 1915ರಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡ್ಹಾಮ್ ಅಮೆರಿಕದಲ್ಲಿ ಜನರ ಮುಂದೆ ತೋರಿಸಿದರು. 1919ರಲ್ಲಿ ಅಲ್ಲಿನ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯಾಗೊ ನಗರದಲ್ಲಿ ಇದರ ನೆರವಿನಿಂದ ಸಾವಿರಾರು ಜನರಿಗೆ ಭಾಷಣ ಮಾಡಿದರು. ಗಾಂಧೀಜಿ, ನೆಹರೂ ಅವರ ಹಳೆಯ ಚಿತ್ರಗಳನ್ನು ಗಮನಿಸಿ. ಕೆಲವದರಲ್ಲಿ ಮೈಕಿನ ಮೇಲೆ ‘ಚಿಕಾಗೊ ರೇಡಿಯೊ’ ಎಂಬ ಹೆಸರು ಕಾಣುತ್ತದೆ. ಹೆಸರು ಪರದೇಶದ್ದಾದರೂ ಅದು ಮೋಟ್ವಾನಿ ಮನೆತನದ ಭಾರತೀಯ ಕಂಪನಿ.

ಮಾಡಿ ನೋಡಿ

ದಪ್ಪ ಕಾಗದವನ್ನು ಕಡಲೆಪುರಿ ಪೊಟ್ಟಣದಂತೆ ಸುತ್ತಿ, ತುದಿಯಲ್ಲಿ ಬಾಯಿ ಹಿಡಿಯುವಷ್ಟು ತೂತು ಬಿಡಿ. ಅದರ ಮೂಲಕ ಮಾತನಾಡಿ. ದನಿ ಮುಂದಿರುವವರಿಗೆ ಹೆಚ್ಚಾಗಿಯೂ ಪಕ್ಕದವರಿಗೆ ಕಡಿಮೆಯಾಗಿಯೂ ಕೇಳುತ್ತದೆ. ಎಲ್ಲ ಕಡೆ ಚದುರುತ್ತಿದ್ದ ಶಬ್ದ ಈಗ ಒಂದೇ ಕಡೆಗೆ ಹೋಗುತ್ತಿದೆ. ಜಾತ್ರೆಯಲ್ಲಿ ಕಂಬಕ್ಕೆ ಕಟ್ಟುವ ಉದ್ದ ಬಾಯಿಯ ಹಾರ್ನ್ ಸ್ಪೀಕರಿನ ಆಕಾರಕ್ಕೂ ಇದೇ ಕಾರಣ.

ಸುತ್ತಿ ಸುತ್ತಿ ಬರುವ ಸದ್ದು

ಈಗ ‘ಕುಂಯ್’ ಸದ್ದಿಗೆ ಬರೋಣ. ಸ್ಪೀಕರಿನಿಂದ ಹೊರಟ ಶಬ್ದ ಮತ್ತೆ ಮೈಕಿನೊಳಗೆ ಹೋದರೆ ಏನಾಗುತ್ತದೆ? ಆಂಪ್ಲಿಫೈಯರ್ ಅದನ್ನು ಮತ್ತೆ ಹೆಚ್ಚಿಸಿ ಸ್ಪೀಕರಿಗೆ ಕಳಿಸುತ್ತದೆ. ಅದು ಪುನಃ ಮೈಕಿಗೆ ಬರುತ್ತದೆ. ಒಂದೊಂದು ಸುತ್ತಿಗೆ ಎರಡು ಪಟ್ಟಾದರೂ 1, 2, 4, 8, 16 ಎಂದು ಬೆಳೆದು ಹತ್ತನೆಯ ಸುತ್ತಿಗೆ 1024 ಪಟ್ಟಾಗುತ್ತದೆ. ಇಷ್ಟು ಸುತ್ತು ಮುಗಿಯಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಈ ಸುತ್ತಿನಲ್ಲಿ ಎಲ್ಲ ಸ್ವರಗಳೂ ಒಂದೇ ಸಮನೆ ಬೆಳೆಯುವುದಿಲ್ಲ. ಒಂದು ಸ್ವರ ಉಳಿದವುಗಳನ್ನು ಮೀರಿ ಬೆಳೆಯುತ್ತದೆ. ಅದಕ್ಕೇ ಮಾತಿನ ಬದಲು ಸಿಳ್ಳೆ ಕೇಳುತ್ತದೆ. ಇದಕ್ಕೆ ಮರುಪೂರಣ ಎನ್ನಬಹುದು. ಮೈಕಿನವರು ‘ಫೀಡ್‌ಬ್ಯಾಕ್’ ಎನ್ನುತ್ತಾರೆ.

ಸುತ್ತನ್ನು ಎಲ್ಲಿಯಾದರೂ ಮುರಿದರೆ ಸದ್ದು ನಿಲ್ಲುತ್ತದೆ.

• ಸ್ಪೀಕರುಗಳು ಮಾತನಾಡುವವರಿಗಿಂತ ಮುಂದಿರಲಿ. ಅವುಗಳ ಮುಖ ಸಭಿಕರ ಕಡೆಗಿರಲಿ.
• ಮೈಕ್ ಹಿಡಿದು ಸ್ಪೀಕರಿನ ಮುಂದೆ ಹೋಗಬೇಡಿ.
• ಮೈಕನ್ನು ಬಾಯಿಯ ಹತ್ತಿರ ಹಿಡಿಯಿರಿ. 40 ಸೆಂಟಿಮೀಟರಿನಿಂದ 10 ಸೆಂಟಿಮೀಟರಿಗೆ ಬಂದರೆ ನಿಮ್ಮ ದನಿಯ ತೀವ್ರತೆ ಮೈಕಿನ ಬಳಿ 16 ಪಟ್ಟು ಹೆಚ್ಚುತ್ತದೆ. ಆಗ ವಾಲ್ಯೂಮ್ ತಗ್ಗಿಸಬಹುದು.
• ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಬೇಡಿ. ವೇದಿಕೆಯ ಮೈಕುಗಳಲ್ಲಿ ಹಿಂದಿನ ಸದ್ದನ್ನು ತಡೆಯಲೆಂದು ಸಣ್ಣ ಕಿಂಡಿಗಳಿರುತ್ತವೆ. ಅವು ಮುಚ್ಚಿದರೆ ಮೈಕ್ ಎಲ್ಲ ಕಡೆಯ ಸದ್ದನ್ನೂ ಎಳೆದುಕೊಳ್ಳುತ್ತದೆ.
• ಮೈಕಿಗೆ ಊದಬೇಡಿ, ಬಡಿಯಬೇಡಿ. ‘ಹಲೋ, ಒಂದು, ಎರಡು, ಮೂರು’ ಎಂದರೆ ಸಾಕು.

ದೊಡ್ಡ ಸಭೆಯ ಲೆಕ್ಕ

2023ರ ಜನವರಿ 6, 7 ಮತ್ತು 8ರಂದು ನಮ್ಮ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ದೊಡ್ಡರಂಗೇಗೌಡರು ಅಧ್ಯಕ್ಷರಾಗಿದ್ದರು. ಇಂಥ ದೊಡ್ಡ ಸಭೆಗಳಲ್ಲಿ ವೇದಿಕೆಯ ಬಳಿ ಮಾತ್ರ ಸ್ಪೀಕರ್ ಇಟ್ಟರೆ ಮುಂದಿನವರಿಗೆ ಕಿವಿ ನೋವು, ಹಿಂದಿನವರಿಗೆ ಏನೂ ಕೇಳದು. ಆದ್ದರಿಂದ ದೂರದಲ್ಲಿಯೂ ಸ್ಪೀಕರ್ ಇಡುತ್ತಾರೆ. ಅಲ್ಲಿ ಹೊಸ ತೊಡಕು ಎದುರಾಗುತ್ತದೆ.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವೇದಿಕೆಯಿಂದ 102 ಮೀಟರ್ ದೂರ ಹೋಗಲು 102 ÷ 340 = 0.3 ಸೆಕೆಂಡು ಬೇಕು. ಆದರೆ ತಂತಿಯಲ್ಲಿ ವಿದ್ಯುತ್ ಸಂಕೇತ ತಟ್ಟನೆ ತಲುಪುತ್ತದೆ. ಹಾಗಾಗಿ ದೂರದ ಸ್ಪೀಕರ್ ಮೊದಲು ಮಾತನಾಡುತ್ತದೆ. ವೇದಿಕೆಯ ಅದೇ ಮಾತು 0.3 ಸೆಕೆಂಡು ತಡವಾಗಿ ಬರುತ್ತದೆ. ಎರಡು ಸದ್ದುಗಳ ನಡುವೆ 0.1 ಸೆಕೆಂಡಿಗಿಂತ ಹೆಚ್ಚು ಅಂತರವಿದ್ದರೆ ಕಿವಿಗೆ ಅವು ಬೇರೆ ಬೇರೆಯಾಗಿ ಕೇಳುತ್ತವೆ. ‘ಬಂಧುಗಳೇ’ ಎಂಬುದು ‘ಬಂಬಂಧುಧುಗಳೇಗಳೇ’ ಎಂದಾಗುತ್ತದೆ! ಇದಕ್ಕೆ ಉಪಾಯವಿದೆ. ದೂರದ ಸ್ಪೀಕರಿಗೆ ಹೋಗುವ ಸಂಕೇತವನ್ನು ಒಂದು ಉಪಕರಣ ಬೇಕೆಂದೇ 0.3 ಸೆಕೆಂಡು ತಡೆದು ಬಿಡುತ್ತದೆ. ಆಗ ಎರಡೂ ಒಟ್ಟಿಗೆ ಕೇಳುತ್ತವೆ.

ಕಿವಿ ಮತ್ತೆ ಸಿಗದು

ಕಿವಿಯ ತಮಟೆಯ ಒಳಗೆ ಬಸವನಹುಳುವಿನ ಚಿಪ್ಪಿನಂಥ ಒಂದು ಭಾಗವಿದೆ. ಅದರಲ್ಲಿ ಸುಮಾರು 15,000 ರೋಮಕೋಶಗಳಿವೆ. ಕಂಪನವನ್ನು ಮಿದುಳಿಗೆ ತಿಳಿಸುವುದು ಇವೇ. ಅತಿ ಜೋರಾದ ಸದ್ದಿಗೆ ಇವು ಸಾಯುತ್ತವೆ. ಚರ್ಮ ಕಿತ್ತರೆ ಮತ್ತೆ ಬರುತ್ತದೆ, ಉಗುರು ಬೆಳೆಯುತ್ತದೆ; ಈ ಕೋಶಗಳು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕಾರ್ಖಾನೆಯ ಕೆಲಸಗಾರರಿಗೆ ತಜ್ಞರು ಹಾಕಿದ ಒಂದು ಲೆಕ್ಕ ಹೀಗಿದೆ: 85 ಡೆಸಿಬಲ್ ಆದರೆ ದಿನಕ್ಕೆ 8 ಗಂಟೆ, ಪ್ರತಿ 3 ಡೆಸಿಬಲ್ ಹೆಚ್ಚಿದಾಗ ಸಮಯ ಅರ್ಧ. 100 ಡೆಸಿಬಲ್ ಆದರೆ 15 ನಿಮಿಷ ಮಾತ್ರ! ಮೆರವಣಿಗೆಯ ದೊಡ್ಡ ಸ್ಪೀಕರುಗಳ ಎದುರು ಸದ್ದು ಇದನ್ನೂ ಮೀರಬಹುದು. ಎದೆ ನಡುಗುವಂತಿದ್ದರೆ, ಪಕ್ಕದವರೊಡನೆ ಕೂಗಿ ಮಾತನಾಡಬೇಕಾದರೆ, ಆ ಜಾಗ ಬಿಟ್ಟು ದೂರ ಹೋಗಿ. ದೂರ ಇಮ್ಮಡಿಯಾದರೆ 6 ಡೆಸಿಬಲ್ ಇಳಿಯುವುದು ನಿಮಗೆ ಈಗ ಗೊತ್ತು. ಕುಣಿಯಬೇಡಿ ಎನ್ನುತ್ತಿಲ್ಲ, ಸ್ಪೀಕರಿನ ಬಾಯಿಗೆ ಕಿವಿ ಕೊಡಬೇಡಿ ಅಷ್ಟೆ. ತೊಟ್ಟಿಲ ಮಕ್ಕಳನ್ನೂ ಹತ್ತಿರ ತರಬಾರದೆಂದು ಮನೆಯಲ್ಲಿ ಹೇಳಿ.

2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷದಲ್ಲಿ ಕೆಲವೇ ಹಬ್ಬದ ದಿನಗಳಲ್ಲಿ ಸರಕಾರ 12ರವರೆಗೆ ಅವಕಾಶ ಕೊಡಬಹುದು. ಜನವಸತಿಯಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ.

ಎಚ್ಚರ! ಮೈಕ್ ಅಥವಾ ಅದರ ಸ್ಟ್ಯಾಂಡ್ ಮುಟ್ಟಿದಾಗ ಕೈ ‘ಜುಮ್’ ಎಂದರೆ ಕೂಡಲೇ ಬಿಟ್ಟು ಶಿಕ್ಷಕರಿಗೆ ತಿಳಿಸಿ. ಅರ್ಥಿಂಗ್ ಸರಿಯಿಲ್ಲದಿರಬಹುದು. ಒದ್ದೆ ಕೈಯಿಂದ ಏನನ್ನೂ ಮುಟ್ಟಬೇಡಿ. ಆಂಪ್ಲಿಫೈಯರನ್ನು ಬಿಚ್ಚಬೇಡಿ.

ಅಭ್ಯಾಸ

1. ಶಾಲೆಯ ಮೈದಾನದಲ್ಲಿ ಗೆಳತಿಯೊಬ್ಬಳು ಒಂದೇ ದನಿಯಲ್ಲಿ ಪಾಠ ಓದಲಿ. ಎಷ್ಟು ಹೆಜ್ಜೆಯವರೆಗೆ ಪ್ರತಿಯೊಂದು ಪದವೂ ಕೇಳುತ್ತದೆ? ಕಾಗದದ ಕೊಳವೆ ಹಿಡಿದಾಗ ಎಷ್ಟು? ಬರೆದಿಡಿ.
2. ಎರಡನೆಯ ಸ್ಪೀಕರ್ 68 ಮೀಟರ್ ದೂರದಲ್ಲಿದ್ದರೆ ಎಷ್ಟು ಹೊತ್ತು ತಡೆದು ಬಿಡಬೇಕು?
3. ನಿಮ್ಮ ಶಾಲೆಯ ಮುಂದಿನ ಕಾರ್ಯಕ್ರಮಕ್ಕೆ ಮೈಕ್, ಸ್ಪೀಕರ್, ಸಭಿಕರು ಎಲ್ಲಿರಬೇಕೆಂದು ಚಿತ್ರ ಬರೆಯಿರಿ. ಕೊನೆಯ ಸಾಲಿನ ಅಜ್ಜಿಗೂ ಕೇಳಬೇಕು, ಮೊದಲ ಸಾಲಿನ ಒಂದನೆಯ ತರಗತಿಯ ಮಕ್ಕಳ ಕಿವಿಗೂ ನೋವಾಗಬಾರದು. ಚಿತ್ರವನ್ನು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ, ಕಾರ್ಯಕ್ರಮದ ದಿನ ಹಾಗೆಯೇ ಜೋಡಿಸಿ ನೋಡಿ.