ಒಂದು ಪುಟ್ಟ ಕಂಪೆನಿಯೂ ಅದರ ಷೇರುದಾರರ ವಾದವೂ

ಕಳೆದ ವರ್ಷ ನಮ್ಮ ಶಾಲೆಯ ರಕ್ಷಕ-ಶಿಕ್ಷಕ ಸಂಘದ ಸಭೆ ಮುಗಿದ ಮೇಲೆ ರಕ್ಷಕರೊಬ್ಬರು ಹಿಂದೆ ಉಳಿದು ನನ್ನನ್ನು ಕೇಳಿದರು: “ಮಾಸ್ಟ್ರೇ, ನಮ್ಮ ಹಿರಿಯವನು ಫೋನಿನಲ್ಲಿಯೇ ಯಾವುದೋ ಕಂಪೆನಿಯ ಷೇರು ತೆಗೆದಿದ್ದಾನೆ. ಹೊಸ ತರಹದ ಪದಾರ್ಥ ತಯಾರಿಸುವ ಕಂಪೆನಿಯಂತೆ. ಪದಾರ್ಥ ಬಹಳ ಒಳ್ಳೆಯದೆಂದು ಕಲಿತವರೇ ಹೇಳುತ್ತಾರಂತೆ. ಹಾಗಾದರೆ ಹಣ ಭದ್ರವಲ್ಲವೆ?” ಅಡಿಕೆ ಮಾರಿ ಬಂದ ಹಣದಲ್ಲಿ ಒಂದು ಪಾಲು ಅದಕ್ಕೆ ಹೋಗಿತ್ತೆಂದು ಆಮೇಲೆ ತಿಳಿಯಿತು. ಆ ಹೊತ್ತಿಗೆ ನಾನು ತಕ್ಕ ಉತ್ತರ ಕೊಡಲಾರದೆ ಹೋದೆನು. ಅವರು ಒಂದೇ ಎಂದು ತಿಳಿದು ಕೇಳಿದ ಪ್ರಶ್ನೆಯಲ್ಲಿ ನಿಜವಾಗಿ ಮೂರು ಪ್ರಶ್ನೆಗಳು ಅಡಗಿದ್ದುವು. ಪದಾರ್ಥ ಒಳ್ಳೆಯದೇ ಎಂಬುದು ಒಂದು. ಆ ಪದಾರ್ಥದಿಂದ ಕಂಪೆನಿಗೆ ಹಣ ಹುಟ್ಟುವುದೇ ಎಂಬುದು ಇನ್ನೊಂದು. ಹುಟ್ಟಿದ ಹಣದಲ್ಲಿ ಷೇರುದಾರನ ಕೈಗೆ ಎಷ್ಟು ಬರುವುದೆಂಬುದು ಮತ್ತೊಂದು. ಇವು ಬೇರೆ ಬೇರೆ ಎಂಬುದನ್ನು ಕಾಣಿಸಲು ಇಂಗ್ಲೆಂಡಿನ ಒಂದು ಸಣ್ಣ ಕಂಪೆನಿಯ ಕಥೆಯನ್ನು ಇಲ್ಲಿ ಪಾಠವಾಗಿ ಬರೆದಿದ್ದೇನೆ.

ಮೊದಲಿಗೆ ಷೇರು ಎಂದರೇನು? ನಮ್ಮ ಊರುಗಳಲ್ಲಿ ಈ ಮಾತು ಅಪರಿಚಿತವಲ್ಲ. 1973ರಲ್ಲಿ ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರು ಕೂಡಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆಯನ್ನು ಕಟ್ಟಿದರು. ಅನೇಕ ಮಕ್ಕಳ ಅಜ್ಜಂದಿರು ಅದರ ಸದಸ್ಯರಾಗಿದ್ದಾರೆ. ಸಹಕಾರ ಸಂಘದಲ್ಲಿ ಷೇರು ಎಷ್ಟೇ ಇದ್ದರೂ ಒಬ್ಬನಿಗೆ ಒಂದೇ ಮತ. ಆ ಷೇರನ್ನು ಸಂತೆಯಲ್ಲಿ ಹೆಚ್ಚಿನ ಬೆಲೆಗೆ ಮಾರುವಂತಿಲ್ಲ. ಆದರೆ ಷೇರುಪೇಟೆಯ ಕಂಪೆನಿಯಲ್ಲಿ ಸಾಮಾನ್ಯವಾಗಿ ಷೇರಿಗೊಂದು ಮತ. ಅದರ ಬೆಲೆ ದಿನದಿನಕ್ಕೂ ಏರಿಳಿಯುತ್ತದೆ. ಈ ಬೆಲೆಯನ್ನು ಕಂಪೆನಿಯವರು ಕಟ್ಟುವುದಲ್ಲ. ಕೊಳ್ಳುವವನ ನಂಬಿಕೆಯೂ ಮಾರುವವನ ಸಂಶಯವೂ ಎಲ್ಲಿ ಕೂಡುತ್ತವೆಯೋ ಅಲ್ಲಿ ಅದು ನಿಲ್ಲುತ್ತದೆ. ಆದುದರಿಂದ ಸಣ್ಣ ಹೂಡಿಕೆದಾರರ ನಡುವಿನ ವಾದವೆಂಬುದು ಬರಿಯ ಹರಟೆಯಲ್ಲ, ಬೆಲೆ ಹುಟ್ಟುವುದೇ ಆ ವಾದದಿಂದ.

ಈಗ ಆ ಕಂಪೆನಿಯ ವಿಷಯ. ಅದರ ಹೆಸರು ನ್ಯಾನೋಕೋ. 2001ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಅದು ಹುಟ್ಟಿತು. ರಸಾಯನ ವಿಜ್ಞಾನಿಗಳಾದ ಪಾಲ್ ಓಬ್ರೈನ್ ಮತ್ತು ನೈಜೆಲ್ ಪಿಕೆಟ್ ಅದರ ಸ್ಥಾಪಕರು. 2009ರಲ್ಲಿ ಅದರ ಷೇರುಗಳು ಲಂಡನ್ನಿನಲ್ಲಿ ಸಣ್ಣ ಕಂಪೆನಿಗಳಿಗಾಗಿ ಇರುವ ಪೇಟೆಯನ್ನೂ, 2015ರಲ್ಲಿ ಅಲ್ಲಿಯ ಮುಖ್ಯ ಪೇಟೆಯನ್ನೂ ಸೇರಿದುವು. ಅದು ತಯಾರಿಸುತ್ತಿದ್ದ ಪದಾರ್ಥಕ್ಕೆ ಕ್ವಾಂಟಂ ಚುಕ್ಕಿ ಎಂದು ಹೆಸರು.

ಈ ಚುಕ್ಕಿಗಳ ವಿಚಾರ ಬಲು ಸ್ವಾರಸ್ಯವಾದುದು. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗಕ್ಕೆ ನ್ಯಾನೋಮೀಟರು ಎನ್ನುತ್ತಾರೆ. ನಮ್ಮ ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರುಗಳಷ್ಟು. ಕ್ವಾಂಟಂ ಚುಕ್ಕಿಯಾದರೋ ಎರಡರಿಂದ ಹತ್ತು ನ್ಯಾನೋಮೀಟರು ಅಗಲದ ಹರಳು. ಅರೆವಾಹಕ ಪದಾರ್ಥವೊಂದನ್ನು ಇಷ್ಟು ಚಿಕ್ಕದು ಮಾಡಿದಾಗ ಅದರ ಬಣ್ಣವು ಪದಾರ್ಥವೊಂದನ್ನೇ ಅಲ್ಲದೆ ಗಾತ್ರವನ್ನೂ ಅನುಸರಿಸಿ ಬದಲಾಗುತ್ತದೆ. ವೀಣೆಯ ತಂತಿಯನ್ನು ಒತ್ತಿ ಮಿಡಿಯುವ ಉದ್ದವನ್ನು ಕಡಿಮೆ ಮಾಡಿದಷ್ಟೂ ಸ್ವರ ಏರುತ್ತದೆಯಲ್ಲವೆ? ಹಾಗೆಯೇ ಹರಳಿನೊಳಗೆ ಇಲೆಕ್ಟ್ರಾನಿಗೆ ಇರುವ ಜಾಗ ಇಕ್ಕಟ್ಟಾದಷ್ಟೂ ಅದು ಹೊರಸೂಸುವ ಬೆಳಕಿನ ಶಕ್ತಿ ಏರುತ್ತದೆ. ದೊಡ್ಡ ಚುಕ್ಕಿ ಕೆಂಪಾಗಿಯೂ, ಅದಕ್ಕಿಂತ ಚಿಕ್ಕದು ಹಸುರಾಗಿಯೂ, ಇನ್ನೂ ಚಿಕ್ಕದು ನೀಲಿಯಾಗಿಯೂ ಹೊಳೆಯುವುದು. ಟೆಲಿವಿಷನ್ ಪರದೆಯ ಹಿಂದಿನ ನೀಲಿ ದೀಪದ ಬೆಳಕನ್ನು ಈ ಚುಕ್ಕಿಗಳ ಮೂಲಕ ಹಾಯಿಸಿದರೆ ಶುದ್ಧವಾದ ಕೆಂಪೂ ಹಸುರೂ ದೊರೆತು ಚಿತ್ರವು ಬಹು ಸೊಗಸಾಗುತ್ತದೆ. ಈ ಚುಕ್ಕಿಗಳ ಶೋಧಕ್ಕಾಗಿಯೇ ಬವೆಂಡಿ, ಬ್ರೂಸ್ ಮತ್ತು ಎಕಿಮೋವ್ ಎಂಬ ಮೂವರಿಗೆ 2023ರ ರಸಾಯನ ವಿಜ್ಞಾನದ ನೊಬೆಲ್ ಬಹುಮಾನ ದೊರೆಯಿತು.

ಆದರೆ ಮೊದಮೊದಲಿನ ಒಳ್ಳೆಯ ಚುಕ್ಕಿಗಳಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹವಿತ್ತು. ಯುರೋಪಿನ ಒಕ್ಕೂಟದ ಕಾನೂನು ವಿದ್ಯುತ್ ಸಲಕರಣೆಗಳ ಬಿಡಿ ಪದಾರ್ಥಗಳಲ್ಲಿ ತೂಕದ ಹತ್ತು ಸಾವಿರದ ಒಂದು ಪಾಲಿಗಿಂತ ಹೆಚ್ಚು ಕ್ಯಾಡ್ಮಿಯಂ ಇರಕೂಡದೆಂದು ವಿಧಿಸಿದೆ. ನ್ಯಾನೋಕೋ ಕ್ಯಾಡ್ಮಿಯಂ ಇಲ್ಲದ ಚುಕ್ಕಿಗಳನ್ನು ಹೆಚ್ಚಿನ ಪ್ರಮಾಣದಲ್ಲಿ ತಯಾರಿಸುವ ವಿಧಾನವನ್ನು ಕಂಡುಹಿಡಿದು ಪೇಟೆಂಟ್ ಪಡೆಯಿತು. ಕಲ್ಲುಸಕ್ಕರೆ ಮಾಡುವವರು ಪಾಕದಲ್ಲಿ ನೂಲನ್ನು ಇಳಿಬಿಟ್ಟು ಅದರ ಮೇಲೆ ಹರಳು ಬೆಳೆಯುವಂತೆ ಮಾಡುವ ಹಾಗೆ, ಇಲ್ಲಿ ಅಣುಗಳ ಸಣ್ಣ ಗುಂಪೊಂದನ್ನು ಬೀಜವಾಗಿಟ್ಟು ಅದರ ಮೇಲೆ ಚುಕ್ಕಿಯನ್ನು ಬೆಳೆಸುವುದು.

ಇನ್ನು ಷೇರುದಾರರ ವಾದಕ್ಕೆ ಬರೋಣ. ಅವರಲ್ಲಿ ದೊಡ್ಡ ನಿಧಿಗಳವರಲ್ಲದೆ ತಮ್ಮ ಉಳಿತಾಯವನ್ನು ಹಾಕಿದ ಸಾಮಾನ್ಯ ಜನರೂ ಇದ್ದರು. ಒಂದು ಪಕ್ಷದವರ ವಾದ ಹೀಗಿತ್ತು: ವಿಜ್ಞಾನ ಸತ್ಯವಾದುದು; ಕ್ಯಾಡ್ಮಿಯಂಗೆ ಕಾನೂನಿನ ತಡೆ ಬಂದೇ ಬರುವುದು; ಆಗ ಟೆಲಿವಿಷನ್ ತಯಾರಕರೆಲ್ಲರೂ ನ್ಯಾನೋಕೋದ ಬಾಗಿಲಿಗೆ ಬರಬೇಕು. ಇನ್ನೊಂದು ಪಕ್ಷದವರು ಹೇಳಿದ್ದು: ವರ್ಷ ವರ್ಷವೂ ನಷ್ಟವಿದೆ, ಮಾರಾಟ ಅತ್ಯಲ್ಪ, ಕೊಳ್ಳುವವರು ಬೆರಳೆಣಿಕೆಯ ದೈತ್ಯ ಕಂಪೆನಿಗಳು, ಅವರು ತಾವೇ ತಯಾರಿಸಿಕೊಂಡರೆ ಕೇಳುವವರಾರು? ಅಷ್ಟರೊಳಗೆ ಹಣ ಮುಗಿದರೆ ಹೊಸ ಷೇರು ಹೊರಡಿಸಬೇಕು. ಆಗ ನಮ್ಮ ಪಾಲು ಸಣ್ಣದಾಗುವುದು.

ಈ ಕೊನೆಯ ಮಾತನ್ನು ಮಕ್ಕಳು ಚೆನ್ನಾಗಿ ಗ್ರಹಿಸಬೇಕು. ನಾಲ್ವರು ಸಮಪಾಲಿನಲ್ಲಿ ಇಟ್ಟುಕೊಂಡ ತೋಟಕ್ಕೆ ಬೋರು ತೆಗೆಯಲು ಹಣವಿಲ್ಲದೆ ಐದನೆಯವನನ್ನು ಸೇರಿಸಿಕೊಂಡರೆ, ಮೊದಲಿನವರಿಗೆ ನಾಲ್ಕರಲ್ಲಿ ಒಂದಾಗಿದ್ದ ಪಾಲು ಐದರಲ್ಲಿ ಒಂದಾಗುತ್ತದೆ. ನೀರು ಸಿಕ್ಕಿದರೆ ನಷ್ಟವಿಲ್ಲ. ಸಿಗದಿದ್ದರೆ ಆರನೆಯವನನ್ನು ಹುಡುಕಬೇಕು. ಆದಾಯ ಬರುವ ಮುನ್ನವೇ ವರ್ಷಗಟ್ಟಲೆ ಪ್ರಯೋಗ ನಡೆಸಬೇಕಾದ ಕಂಪೆನಿಗಳಲ್ಲಿ ಇದು ಮತ್ತೆ ಮತ್ತೆ ನಡೆಯುವ ಸಂಗತಿ.

2013ರಲ್ಲಿ ಅಮೆರಿಕದ ದೊಡ್ಡ ರಸಾಯನ ಕಂಪೆನಿಯಾದ ಡೌ, ನ್ಯಾನೋಕೋದ ವಿಧಾನವನ್ನು ಪರದೆಗಳಿಗಾಗಿ ಬಳಸುವ ಏಕಮಾತ್ರ ಲೈಸೆನ್ಸ್ ಪಡೆದು, ದಕ್ಷಿಣ ಕೊರಿಯಾದಲ್ಲಿ ಕಾರ್ಖಾನೆ ಕಟ್ಟಿಸಲು ಹೊರಟಿತು. ನಂಬಿದವರಿಗೆ ಹಬ್ಬವಾಯಿತು. 2015ರ ಜನವರಿಯಲ್ಲಿ ಸ್ಯಾಮ್‌ಸಂಗ್ ಕಂಪೆನಿ ಕ್ಯಾಡ್ಮಿಯಂ ಇಲ್ಲದ ಚುಕ್ಕಿಗಳ ಟೆಲಿವಿಷನ್ನನ್ನು ಪ್ರದರ್ಶಿಸಿದಾಗ, ಈ ಚುಕ್ಕಿಗಳು ನಮ್ಮವೇ ಇರಬೇಕೆಂದು ಹಲವರು ಲೆಕ್ಕ ಹಾಕಿದರು. ಅವು ಡೌ ಕಾರ್ಖಾನೆಯವಲ್ಲ, ಸ್ಯಾಮ್‌ಸಂಗ್ ತನ್ನದೇ ಏರ್ಪಾಟಿನಲ್ಲಿ ಮಾಡಿಸಿಕೊಂಡವು ಎಂಬುದು ಬಳಿಕ ತಿಳಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಯುರೋಪಿನ ಪಾರ್ಲಿಮೆಂಟು ಕ್ಯಾಡ್ಮಿಯಂ ಚುಕ್ಕಿಗಳಿಗಿದ್ದ ವಿನಾಯಿತಿಯನ್ನು ಮುಂದುವರಿಸುವುದರ ವಿರುದ್ಧ ಭಾರೀ ಬಹುಮತದಿಂದ ಮತ ಹಾಕಿತು. ಆದರೂ ಆ ವಿನಾಯಿತಿ ಕೂಡಲೇ ಕೊನೆಗೊಳ್ಳಲಿಲ್ಲ. ಕಾನೂನು ಬರುವುದು ಬೇರೆ, ಅದು ನಾವು ಎಣಿಸಿದ ದಿನ ಬರುವುದು ಬೇರೆ. 2016ರಲ್ಲಿ ಡೌನ ಏಕಮಾತ್ರ ಹಕ್ಕೂ ಹೋಗಿ ಅದು ಸಾಮಾನ್ಯ ಲೈಸೆನ್ಸಾಯಿತು.

ಎರಡನೆಯ ಪ್ರಸಂಗವು ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಿಸತಕ್ಕದ್ದು. 2018ರಲ್ಲಿ ಅಮೆರಿಕದ ಒಂದು ದೊಡ್ಡ ಕಂಪೆನಿ, ಕಣ್ಣಿಗೆ ಕಾಣದ ಅವರಕ್ತ ಬೆಳಕನ್ನು ಗ್ರಹಿಸುವ ಉಪಕರಣಗಳಿಗಾಗಿ ಇದೇ ಜಾತಿಯ ಚುಕ್ಕಿಗಳನ್ನು ಬಯಸಿ ನ್ಯಾನೋಕೋದೊಡನೆ ಒಪ್ಪಂದ ಮಾಡಿಕೊಂಡಿತು. ಗಿರಾಕಿಯ ಹೆಸರನ್ನು ಬಹಿರಂಗಪಡಿಸಲಿಲ್ಲ. ರನ್‌ಕಾರ್ನ್ ಎಂಬ ಊರಿನ ಕಾರ್ಖಾನೆಯನ್ನು ವಿಸ್ತರಿಸಲಾಯಿತು. 2019ರ ಜೂನಿನಲ್ಲಿ ಆ ಗಿರಾಕಿ, ವರ್ಷದ ಕೊನೆಯ ಬಳಿಕ ಈ ಕೆಲಸವನ್ನು ಮುಂದುವರಿಸುವುದಿಲ್ಲವೆಂದು ತಿಳಿಸಿತು. ಷೇರಿನ ಬೆಲೆ ಒಂದೇ ದಿನದಲ್ಲಿ ಅರ್ಧಕ್ಕಿಂತಲೂ ಹೆಚ್ಚು ಕುಸಿಯಿತು. ಈ ನಿರ್ಧಾರಕ್ಕೂ ಪದಾರ್ಥದ ಗುಣಕ್ಕೂ ಸಂಬಂಧವಿಲ್ಲವೆಂದು ಕಂಪೆನಿ ಅಂದೇ ಪ್ರಕಟಿಸಿತು. ಆ ಮಾತನ್ನು ಓದಿ ಸಮಾಧಾನಪಟ್ಟವರೂ ಇದ್ದಿರಬಹುದು. ಆದರೆ ನೋಡಿರಿ, ಪದಾರ್ಥ ಚೆನ್ನಾಗಿದ್ದೂ ಗಿರಾಕಿ ಹೋಗಬಹುದೆಂದು ಸಂಶಯವಾದಿಗಳು ಹೇಳುತ್ತಿದ್ದುದೂ ಅದನ್ನೇ ಅಲ್ಲವೆ? ಗಿರಾಕಿ ಒಬ್ಬನೇ ಆಗಿದ್ದರೆ ಅವನ ಮನೆಯ ಕಾರಣವೇ ನಮ್ಮ ಮನೆಯ ಕಾರಣ.

2020ರ ಫೆಬ್ರವರಿಯಲ್ಲಿ ನ್ಯಾನೋಕೋ ಅಮೆರಿಕದ ಟೆಕ್ಸಸ್ ಪ್ರಾಂತದ ನ್ಯಾಯಾಲಯದಲ್ಲಿ ಸ್ಯಾಮ್‌ಸಂಗಿನ ಮೇಲೆ ದಾವೆ ಹೂಡಿತು. ಹಿಂದೆ ತನ್ನೊಡನೆ ಕೆಲಸ ಮಾಡಿ ಮಾದರಿಗಳನ್ನು ಪಡೆದವರು ತನ್ನ ಐದು ಪೇಟೆಂಟುಗಳನ್ನು ಉಲ್ಲಂಘಿಸಿದ್ದಾರೆ ಎಂಬುದು ಅದರ ದೂರು. ಇಷ್ಟು ದೊಡ್ಡ ವ್ಯಾಜ್ಯಕ್ಕೆ ಬೇಕಾದ ಹಣ ಇಲ್ಲದ್ದರಿಂದ, ಗೆದ್ದರೆ ಪಾಲು ಪಡೆಯುವ ಕರಾರಿನ ಮೇಲೆ ಹೊರಗಿನವರು ವೆಚ್ಚವನ್ನು ವಹಿಸಿದರು. 2022ರ ಮೇ ತಿಂಗಳಲ್ಲಿ ಅಮೆರಿಕದ ಪೇಟೆಂಟ್ ಕಚೇರಿಯ ನ್ಯಾಯಮಂಡಳಿಯು ಸ್ಯಾಮ್‌ಸಂಗ್ ಪ್ರಶ್ನಿಸಿದ್ದ 47 ಹಕ್ಕುಗಳನ್ನೂ ಸಿಂಧುವೆಂದು ಎತ್ತಿಹಿಡಿಯಿತು. ನಂಬಿದವರ ವಿಜ್ಞಾನದ ವಾದ ಸಂಪೂರ್ಣವಾಗಿ ಗೆದ್ದಿತು. ಪರಿಹಾರ ಎಷ್ಟು ಬರಬಹುದೆಂಬ ಎಣಿಕೆಗಳು ಗಗನಕ್ಕೇರಿದುವು.

2023ರ ಜನವರಿಯಲ್ಲಿ, ವಿಚಾರಣೆ ಇನ್ನೇನು ಆರಂಭವಾಗಬೇಕೆನ್ನುವಾಗ, ಎರಡೂ ಪಕ್ಷಗಳು ರಾಜಿಗೆ ಬಂದುವು. ಯಾರೂ ತಪ್ಪು ಒಪ್ಪಿಕೊಳ್ಳಲಿಲ್ಲ. ಮುಂದಿನ ತಿಂಗಳು ಮೊತ್ತ ಪ್ರಕಟವಾಯಿತು: 15 ಕೋಟಿ ಡಾಲರು, ಎರಡು ಸಮ ಕಂತುಗಳಲ್ಲಿ. ಅದಕ್ಕೆ ಪ್ರತಿಯಾಗಿ ಪೇಟೆಂಟುಗಳ ಲೈಸೆನ್ಸನ್ನೂ ಕೆಲವು ಪೇಟೆಂಟುಗಳನ್ನೂ ಬಿಟ್ಟುಕೊಡಬೇಕಾಯಿತು. ಲಾಭವೆಂದರೇನೆಂದು ಬಹುಕಾಲ ಕಾಣದ ಕಂಪೆನಿಗೆ ಇದು ಅಪಾರವಾದ ಧನ. ಆದರೆ ರಾಜಿಯ ಸುದ್ದಿಯಿಂದ ಷೇರಿನ ಬೆಲೆ ಏರಲಿಲ್ಲ, ಕುಸಿಯಿತು.

ಏಕೆ? ಹಾಳೆ ತೆಗೆದು ಲೆಕ್ಕ ಮಾಡಿರಿ. ವ್ಯಾಜ್ಯಕ್ಕೆ ಹಣ ಕೊಟ್ಟವರ ಪಾಲು, ವಕೀಲರ ಪಾಲು ಮುಂತಾದವು ಕಳೆದು ಉಳಿದುದು ಸುಮಾರು 9 ಕೋಟಿ ಡಾಲರು. ಅಂದಿನ ವಿನಿಮಯ ದರದಲ್ಲಿ, ಅಂದರೆ ಪೌಂಡಿಗೆ ಸುಮಾರು 1.21 ಡಾಲರಿನಂತೆ, ಅದು 7.4 ಕೋಟಿ ಪೌಂಡಿನಷ್ಟು. ಆಗ ಇದ್ದ ಷೇರುಗಳು ಸುಮಾರು 32 ಕೋಟಿ. ಭಾಗಿಸಿದರೆ ಷೇರಿಗೆ ಸುಮಾರು 23 ಪೆನ್ಸ್. ವೆಚ್ಚವನ್ನು ಮರೆತು 15 ಕೋಟಿಯನ್ನೇ ಹಂಚಿದವನಿಗೆ 39 ಪೆನ್ಸ್ ಬರುತ್ತಿತ್ತು. ರಾಜಿಗೆ ಮೊದಲು ಪೇಟೆಯಲ್ಲಿ ಷೇರು ಈ 23 ಪೆನ್ಸಿಗಿಂತ ಸಾಕಷ್ಟು ಮೇಲಿನ ಬೆಲೆಗೆ ಮಾರಾಟವಾಗುತ್ತಿತ್ತು, ಏಕೆಂದರೆ ಕೊಂಡವರು ಹಲವು ಪಾಲು ಹೆಚ್ಚಿನ ಪರಿಹಾರವನ್ನು ನಿರೀಕ್ಷಿಸಿದ್ದರು. ವಿಜಯವನ್ನು ಮುಂಚೆಯೇ ಬೆಲೆಯಲ್ಲಿ ಸೇರಿಸಿ ಕೊಂಡವನಿಗೆ ಗೆಲವು ಬಂದರೂ ನಷ್ಟವಾಯಿತು. ಎಲ್ಲರೂ ಕೈಬಿಟ್ಟಿದ್ದ ಕಾಲದಲ್ಲಿ ಕೆಲವೇ ಪೆನ್ಸಿಗೆ ಕೊಂಡವನಿಗೆ ಅದೇ ಗೆಲವಿನಿಂದ ಲಾಭವಾಯಿತು. ಇಬ್ಬರು ನಂಬಿದ ವಿಜ್ಞಾನವೂ ಒಂದೇ, ಕೊಂಡ ಷೇರೂ ಒಂದೇ.

ರಾಜಿಯ ಮೇಲೆ ವಾದ ತಣ್ಣಗಾಗಲಿಲ್ಲ. ಬಂದ ಹಣವನ್ನು ಷೇರುದಾರರಿಗೆ ಹಂಚಬೇಕೆಂದು ಕೆಲವರು, ವ್ಯವಹಾರ ಬೆಳೆಸಲು ಉಳಿಸಿಕೊಳ್ಳಬೇಕೆಂದು ಆಡಳಿತ ಮಂಡಳಿಯವರು. ಮಂಡಳಿಯನ್ನೇ ಬದಲಿಸಬೇಕೆಂಬ ಕೂಗೂ ಎದ್ದಿತು. ಕೊನೆಗೆ 2024ರಲ್ಲಿ ಹಣದ ಒಂದು ಭಾಗ ಷೇರುದಾರರಿಗೆ ಮರಳಿತು. ಇಲ್ಲಿ ನಾನು ಯಾವ ಪಕ್ಷವನ್ನೂ ದೂರಲಾರೆ. ಆದರೆ ಒಂದು ಸಂಗತಿ ಮಾತ್ರ ನನಗೆ ವಿಚಿತ್ರವಾಗಿ ತೋರುತ್ತದೆ. ಇಷ್ಟು ವರ್ಷಗಳ ವಾದದಲ್ಲಿ ಚುಕ್ಕಿಯ ಗುಣವನ್ನು ಕುರಿತು ನಡೆದ ಚರ್ಚೆಯೇ ಹೆಚ್ಚು. ಮೇಲಿನ ಭಾಗಾಕಾರವನ್ನಾದರೋ ಏಳನೆಯ ತರಗತಿಯ ಹುಡುಗಿಯೂ ಮಾಡಬಲ್ಲಳು.

ಪ್ರಶ್ನೆ ಕೇಳಿದ ರಕ್ಷಕರು ಮೊನ್ನೆ ಶಾಲಾ ವಾರ್ಷಿಕೋತ್ಸವಕ್ಕೆ ಬಂದಿದ್ದರು. ಮಗನ ಕಂಪೆನಿಯಲ್ಲಿ ಒಟ್ಟು ಷೇರುಗಳೆಷ್ಟು, ಗಿರಾಕಿಗಳೆಷ್ಟು, ಇನ್ನೆಷ್ಟು ತಿಂಗಳಿಗೆ ಹಣವಿದೆ ಎಂದು ವಿಚಾರಿಸಿದೆನು. ಅವರಿಗೆ ತಿಳಿದಿರಲಿಲ್ಲ; ಮಗನನ್ನು ಕೇಳಿ ಹೇಳುತ್ತೇನೆಂದರು. ಮಗನಿಗೂ ತಿಳಿಯದಿದ್ದರೆ ಇಬ್ಬರೂ ಒಂದು ಭಾನುವಾರ ಶಾಲೆಗೆ ಬರಲಿ, ವಾರ್ಷಿಕ ವರದಿಯನ್ನು ಕೂಡಿ ಓದೋಣ ಎಂದು ಹೇಳಿ ಕಳುಹಿಸಿದ್ದೇನೆ.

ಅಭ್ಯಾಸಕ್ಕಾಗಿ, ಎಂಟನೆಯ ತರಗತಿಯಿಂದ ಮೇಲಿನವರಿಗೆ: ಒಂದು ಕಂಪೆನಿಯಲ್ಲಿ 8 ಲಕ್ಷ ಷೇರುಗಳಿವೆ. ಅವುಗಳಲ್ಲಿ 400 ಒಬ್ಬನ ಕೈಯಲ್ಲಿವೆ. ವ್ಯಾಜ್ಯವೊಂದರಲ್ಲಿ ಕಂಪೆನಿಗೆ 50 ಲಕ್ಷ ರೂಪಾಯಿ ಬರಲಿದೆಯೆಂದು ಕೇಳಿ, ತನ್ನ ಪಾಲಿಗೆ 2,500 ರೂಪಾಯಿ ಎಂದು ಅವನು ಎಣಿಸಿದನು. ಹಣ ಬರುವ ಮೊದಲು ಕಂಪೆನಿ 2 ಲಕ್ಷ ಹೊಸ ಷೇರುಗಳನ್ನು ಹೊರಡಿಸಿತು. ಬಂದ ಹಣದ ಐದರಲ್ಲಿ ಎರಡು ಪಾಲು ವ್ಯಾಜ್ಯದ ವೆಚ್ಚಕ್ಕೆ ಹೋಯಿತು. ಉಳಿದುದನ್ನೆಲ್ಲ ಹಂಚಿದರೆ ಅವನಿಗೆ ದೊರೆಯುವುದೆಷ್ಟು? ಕಡಿಮೆಯಾದುದರಲ್ಲಿ ಹೊಸ ಷೇರುಗಳಿಂದಾದುದು ಎಷ್ಟು, ವೆಚ್ಚದಿಂದಾದುದು ಎಷ್ಟು?