ತಲೆಗೆ ಪೆಟ್ಟಾದಾಗ ಗುಳಿಗೆ ನಂಬಿ ಕೂರಬೇಡಿ

ಹಾವೇರಿ–ರಾಣೆಬೆನ್ನೂರು ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರಿಗೆ ಆ್ಯಂಟಿಆಕ್ಸಿಡೆಂಟ್ ಗುಳಿಗೆ ನುಂಗಿಸಿ ಮನೆಯಲ್ಲೇ ಮಲಗಿಸಬೇಡಿ.

ಪೆಟ್ಟು ತಿಂದ ಮಿದುಳಿನಲ್ಲಿ ಫ್ರೀ ರ್‍ಯಾಡಿಕಲ್‌ಗಳು ಹೆಚ್ಚಿ ಜೀವಕೋಶಗಳನ್ನು ಹಾಳುಮಾಡುವುದು ನಿಜ. ಅದನ್ನು ತಡೆಯುವ ಆಸೆಯಿಂದ, ಪ್ರಾಣಿಗಳಲ್ಲಿ ಫಲಿಸಿದ್ದ ಪೆಗಾರ್ಗೋಟೀನ್ ಎಂಬ ಆ್ಯಂಟಿಆಕ್ಸಿಡೆಂಟ್ ಔಷಧವನ್ನು ತಲೆಗೆ ತೀವ್ರ ಗಾಯವಾದ 463 ಮಂದಿಯಲ್ಲಿ ಪರೀಕ್ಷಿಸಿದರು. 1996ರಲ್ಲಿ ಹೊರಬಂದ ಫಲಿತಾಂಶದಲ್ಲಿ ಖಚಿತ ಲಾಭ ಕಾಣಲಿಲ್ಲ. ಪ್ರಾಣಿಗಳಲ್ಲಿ ಫಲಿಸಿದ್ದೆಲ್ಲ ಮನುಷ್ಯರಲ್ಲೂ ಫಲಿಸುವುದಿಲ್ಲ, ನೋಡಿ.

ವಾಂತಿ, ಮಂಪರು, ಏರುತ್ತಿರುವ ತಲೆನೋವು, ತೊದಲು ಮಾತು ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ತಡಮಾಡದೆ ಕರೆದೊಯ್ಯಿರಿ.

ಗಾಯಾಳು ರಕ್ತ ತೆಳುವಾಗಿಸುವ ಮಾತ್ರೆಯನ್ನೋ ವಿಟಮಿನ್ ಇ ಗುಳಿಗೆಯನ್ನೋ ನುಂಗುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿಬಿಡಿ. ಎರಡೂ ರಕ್ತಸ್ರಾವ ಹೆಚ್ಚಿಸಬಲ್ಲವು.